ಗುಂಡನ ಜ್ವರದ 28 ದಿನಗಳು

ನಾಯಿಯ ಮೂಗು ಒದ್ದೆಯಾಗಿದ್ದರೆ ಆರೋಗ್ಯ, ಒಣಗಿದ್ದರೆ ಜ್ವರ. ನಾಯಿ ಸಾಕಿದ ಮನೆಗಳಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಪರೀಕ್ಷೆ ಸುಲಭ, ಖರ್ಚೂ ಇಲ್ಲ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಆಗಷ್ಟೇ ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿರುತ್ತದೆ. ಬಚ್ಚಲೊಲೆಯ ಮುಂದೆ ಮೈಚಾಚಿದ ನಾಯಿಯದೂ ಅಷ್ಟೆ. ಜ್ವರದಲ್ಲಿ ನರಳುತ್ತಿರುವ ನಾಯಿಯ ಮೂಗು ತಣ್ಣಗೆ, ಒದ್ದೆಯಾಗಿ ಇರುವುದೂ ಉಂಟು. ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದರೂ ಹೆಚ್ಚು ತಿಳಿಯುವುದಿಲ್ಲ. ಏಕೆಂದರೆ ನಾಯಿಯ ಸಹಜ ತಾಪವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮದು 98.6ರ ಆಸುಪಾಸು. ಹಾಗಾಗಿ ನಮ್ಮ ಕೈಗೆ ಆರೋಗ್ಯವಾಗಿರುವ ನಾಯಿಯೂ ಬೆಚ್ಚಗೇ ತೋರುತ್ತದೆ. ನಿಜ ತಿಳಿಯಬೇಕಾದರೆ ಥರ್ಮಾಮೀಟರ್ ಬೇಕು. ಅದನ್ನು ಇಡಬೇಕಾದ ಜಾಗ ಬಾಯಿಯಲ್ಲ, ಬಾಲದ ಕೆಳಗೆ. ಈ ಕೆಲಸಕ್ಕೆ ಇಬ್ಬರು ಬೇಕು, ಒಂದಿಷ್ಟು ಧೈರ್ಯವೂ ಬೇಕು.

ನಾಯಿಗೆ ಮಾತಿಲ್ಲ ಎನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದು ತನ್ನ ನೋವನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದ ಪ್ರಾಣಿಯ ಮೇಲೆ ಬೇರೆ ಪ್ರಾಣಿಗಳ ಕಣ್ಣು ಮೊದಲು ಬೀಳುತ್ತದೆ. ಆದ್ದರಿಂದ ಸುಸ್ತನ್ನು ತೋರಿಸಿಕೊಳ್ಳದೆ ಇರುವುದು ಅಲ್ಲಿ ಲಾಭದಾಯಕ. ಸಾವಿರಾರು ವರ್ಷಗಳಿಂದ ಮನುಷ್ಯನ ಜಗುಲಿಯಲ್ಲಿ ಮಲಗಿದರೂ ನಾಯಿ ಆ ಹಳೆಯ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ನಾಯಿಯ ಕಾಯಿಲೆಯನ್ನು ಮೊದಲು ಕಂಡುಹಿಡಿಯುವವರು ವೈದ್ಯರಲ್ಲ. ಅದರ ದಿನಚರಿಯನ್ನು ಬಲ್ಲ ಮನೆಯವರು.

ನಮ್ಮ ಗುಂಡನ ದಿನಚರಿ ನಮಗೆ ಶಾಲೆಯ ವೇಳಾಪಟ್ಟಿಯಷ್ಟೇ ಬಾಯಿಪಾಠ. ಗುಂಡನದು ಯಾವ ದೊಡ್ಡ ತಳಿಯೂ ಅಲ್ಲ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧ ಮಡಿಚಿಕೊಂಡದ್ದು. ಅಪ್ಪಟ ಊರ ನಾಯಿ. ವಯಸ್ಸು ಏಳು. ಬೆಳಿಗ್ಗೆ ಹಾಲಿನವನನ್ನು ಗೇಟಿನಿಂದ ಅಡುಗೆಮನೆಯ ಬಾಗಿಲವರೆಗೆ ಕರೆತರುವುದು, ಪತ್ರಿಕೆ ಓದುವವರ ಕಾಲಿನ ಮೇಲೆ ಗದ್ದ ಇಟ್ಟು ಮಲಗುವುದು, ಎದುರು ಮನೆಯ ಬೆಕ್ಕು ಕಾಂಪೌಂಡ್ ಮೇಲೆ ನಡೆದಾಗ ಲೆಕ್ಕಕ್ಕೆ ಎರಡು ಸಲ ಬೊಗಳುವುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ತೆಂಗಿನಕಾಯಿ. ಒಳಗೆ ತುರಿಮಣೆಯ ಸದ್ದು ಕೇಳಿದರೆ ಸಾಕು, ಹಿತ್ತಿಲ ತುದಿಯಲ್ಲಿದ್ದರೂ ಓಡಿಬಂದು ಹೊಸ್ತಿಲ ಹೊರಗೆ ಕೂರುತ್ತದೆ. ಒಂದು ಚಿಟಿಕೆ ತುರಿ ಅದರ ಹಕ್ಕು.

ಒಂದು ಮಂಗಳವಾರ ನನ್ನಾಕೆ ಇಡೀ ಹೋಳನ್ನು ತುರಿದು ಮುಗಿಸಿದರೂ ಹೊಸ್ತಿಲು ಖಾಲಿಯಾಗಿತ್ತು. "ಗುಂಡನಿಗೆ ಏನೋ ಆಗಿದೆ" ಎಂದಳು. ಹಿಂದಿನ ರಾತ್ರಿ ಅನ್ನ ತಿಂದಿತ್ತು, ಬಾಲವನ್ನೂ ಅಲ್ಲಾಡಿಸಿತ್ತು. ಆದರೂ ಅವಳ ರೋಗನಿರ್ಣಯ ಸರಿಯಾಗಿತ್ತು. ಥರ್ಮಾಮೀಟರ್ 104.2 ತೋರಿಸಿತು. ತುಟಿ ಸರಿಸಿ ನೋಡಿದರೆ, ಸದಾ ತಿಳಿಗುಲಾಬಿ ಬಣ್ಣಕ್ಕಿರುತ್ತಿದ್ದ ಒಸಡು ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು. ಹೊಟ್ಟೆಯ ಕೂದಲಿಲ್ಲದ ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಮಧ್ಯಾಹ್ನದ ಹೊತ್ತಿಗೆ ಎಡ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕತೊಡಗಿತು.

ಜ್ವರ ತಾನೇ, ಮನೆಯಲ್ಲಿರುವ ಮಾತ್ರೆ ಅರ್ಧ ಕೊಡಿ ಎಂದು ಹಿತೈಷಿಗಳೊಬ್ಬರು ಹೇಳಿದರು. ಓದುಗರು ಈ ಸಲಹೆಯನ್ನು ಎಂದೂ ಪಾಲಿಸಬಾರದು. ನಮಗೆ ಹಿತವಾದ ಪ್ಯಾರಸಿಟಮಾಲ್ ನಾಯಿಯ ಯಕೃತ್ತನ್ನೂ ರಕ್ತಕಣಗಳನ್ನೂ ಕೆಡಿಸಬಲ್ಲದು. ಬೆಕ್ಕಿಗಂತೂ ಚೂರೇ ಸಾಕು, ಪ್ರಾಣ ಹೋಗಬಹುದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಮೊದಲೇ ರಕ್ತ ಸೋರುತ್ತಿರುವ ನಾಯಿಗೆ ಅದನ್ನು ಕೊಟ್ಟರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ. ಔಷಧದ ಅಂಗಡಿಯ ದಾರಿ ಬಿಟ್ಟು ದನದ ಆಸ್ಪತ್ರೆಯ ದಾರಿ ಹಿಡಿದೆವು. ಮೊದಲು ಕರೆದ ಆಟೋದವನು ನಾಯಿ ಎಂದ ಕೂಡಲೇ ತಲೆಯಾಡಿಸಿದ. ಎರಡನೆಯವನು ಹಿಂದಿನ ಸೀಟಿಗೆ ತಾನೇ ಒಂದು ಗೋಣಿ ಹಾಸಿಕೊಟ್ಟ.

ಪಶುವೈದ್ಯರು ಗುಂಡನ ಕಿವಿಯನ್ನು ಮಡಿಚಿ, ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಕಾಲಿನ ಬೆರಳ ನಡುವೆ, ಚರ್ಮದ ಮಡಿಕೆಯೊಳಗೆ ಎರಡು ಉಣುಗುಗಳು ಸಿಕ್ಕಿದವು. ಬಯಲುಸೀಮೆಯವರು ಉಣ್ಣೆ ಎನ್ನುವುದನ್ನೇ ನಮ್ಮ ಮಲೆನಾಡಿನಲ್ಲಿ ಉಣುಗು ಎನ್ನುತ್ತೇವೆ. ಮುಂಗಾಲಿನ ನರದಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಸಂಜೆ ಫಲಿತಾಂಶ ಬಂತು. ಆರೋಗ್ಯವಂತ ನಾಯಿಯ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 2 ಲಕ್ಷದಿಂದ 5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗುಂಡನಲ್ಲಿ ಉಳಿದದ್ದು 38,000. ಡೆಂಗಿಯ ಕೃಪೆಯಿಂದ ಪ್ಲೇಟ್‌ಲೆಟ್ ಎಂದರೇನೆಂದು ಈಗ ನಾಡಿಗೆಲ್ಲ ಗೊತ್ತು. ರಕ್ತನಾಳ ಬಿರುಕು ಬಿಟ್ಟಲ್ಲಿ ಮೊದಲು ಓಡಿಹೋಗಿ ತೇಪೆ ಹಾಕುವ ಕಣಗಳು ಅವು. ಅವು ಕಡಿಮೆಯಾದರೆ ಒಳಗೇ ಅಲ್ಲಲ್ಲಿ ಸೋರಿಕೆ. ಹೊಟ್ಟೆಯ ಚುಕ್ಕೆಗಳು, ಮೂಗಿನ ರಕ್ತ ಎಲ್ಲಕ್ಕೂ ಅದೇ ಕಾರಣ.

ಕಾಯಿಲೆಯ ಹೆಸರು ಎರ್ಲಿಕಿಯೋಸಿಸ್. ಮಾಡುವುದು ಎರ್ಲಿಕಿಯ ಕೇನಿಸ್ ಎಂಬ ಬ್ಯಾಕ್ಟೀರಿಯ. 1935ರಲ್ಲಿ ಆಲ್ಜೀರಿಯದಲ್ಲಿ ದೊನಾಸಿಯೆಂ ಮತ್ತು ಲೆಸ್ತೊಕಾರ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಉಣುಗು ಹತ್ತಿದ್ದ ನಾಯಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. 1908ರಲ್ಲಿ ನೊಬೆಲ್ ಬಹುಮಾನ ಪಡೆದ ಜರ್ಮನಿಯ ಪಾಲ್ ಎರ್ಲಿಕ್ ಅವರ ಗೌರವಾರ್ಥ ಇದಕ್ಕೆ ಮುಂದೆ ಈ ಹೆಸರು ಬಂತು. ಈ ಬ್ಯಾಕ್ಟೀರಿಯದ ಜಾಣತನ ನೋಡಿ. ಹೊರಗಿನ ಶತ್ರುಗಳನ್ನು ನುಂಗಬೇಕಾದ ಬಿಳಿ ರಕ್ತಕಣದೊಳಗೇ ಹೊಕ್ಕು ಅಲ್ಲಿ ಸಂಸಾರ ಹೂಡುತ್ತದೆ. ಪೊಲೀಸ್ ಠಾಣೆಯಲ್ಲೇ ಕಳ್ಳ ಬಿಡಾರ ಮಾಡಿದಂತೆ. ಅಲ್ಲಿ ಅದು ಒತ್ತೊತ್ತಾಗಿ ಗೊಂಚಲು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗೊಂಚಲು ಹಿಪ್ಪುನೇರಳೆ ಹಣ್ಣಿನಂತೆ ಕಾಣುವುದರಿಂದ ಅದಕ್ಕೆ ಮೊರುಲ ಎಂದೇ ಹೆಸರು. ಲ್ಯಾಟಿನ್‌ನಲ್ಲಿ ಪುಟ್ಟ ಹಿಪ್ಪುನೇರಳೆ ಎಂದು ಅರ್ಥ. ಆದರೆ ಈ ಗೊಂಚಲು ಎಲ್ಲ ನಾಯಿಗಳ ರಕ್ತದಲ್ಲೂ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ರಕ್ತದಲ್ಲಿರುವ ಪ್ರತಿಕಾಯಗಳನ್ನು ಪತ್ತೆ ಮಾಡುವ ಕಿಟ್ ಪರೀಕ್ಷೆಯನ್ನೂ ಮಾಡುತ್ತಾರೆ.

ಉಣುಗು ತರುವ ಜ್ವರ ಇದೊಂದೇ ಅಲ್ಲ. ಬೆಬೀಸಿಯ ಎಂಬ ಇನ್ನೊಂದು ಪರೋಪಜೀವಿ ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಅದರ ಒಂದು ಪ್ರಭೇದವನ್ನು ಮೊದಲು ವಿವರಿಸಿದ್ದು ನಮ್ಮ ದಕ್ಷಿಣದಲ್ಲೇ. 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ, ಆಮೇಲೆ ನರಿಯ ರಕ್ತದಲ್ಲಿ ಪ್ಯಾಟನ್ ಎಂಬ ಸಂಶೋಧಕ ಅದನ್ನು ಕಂಡರು. ಎರಡಕ್ಕೂ ಔಷಧ ಬೇರೆ ಬೇರೆ. ಆದ್ದರಿಂದ ಉಣುಗು ಕಂಡೊಡನೆ ಎಲ್ಲಕ್ಕೂ ಒಂದೇ ಗುಳಿಗೆ ಎಂದು ಹೊರಡುವಂತಿಲ್ಲ. ಗುಂಡನ ರಕ್ತದಲ್ಲಿ ಬೆಬೀಸಿಯ ಕಾಣಲಿಲ್ಲ.

"ಬದುಕುತ್ತದಾ ಡಾಕ್ಟ್ರೇ?" ನನ್ನಾಕೆ ನೇರವಾಗಿಯೇ ಕೇಳಿದಳು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ವಾರ ಔಷಧ ಕೊಟ್ಟು ಮತ್ತೆ ರಕ್ತ ನೋಡೋಣ ಅಮ್ಮಾ. ಆಗ ಹೇಳ್ತೇನೆ" ಎಂದರು. ನುಣುಚಿಕೊಳ್ಳುವ ಉತ್ತರವಲ್ಲ ಅದು. ಈ ಕಾಯಿಲೆಗೆ ಮೂರು ಹಂತಗಳಿವೆ. ಉಣುಗು ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರ ಬರುತ್ತದೆ. ಈ ಹಂತದಲ್ಲಿ ಪ್ಲೇಟ್‌ಲೆಟ್‌ಗಳು ತಯಾರಾಗುತ್ತಲೇ ಇರುತ್ತವೆ, ಆದರೆ ತಯಾರಾದದ್ದಕ್ಕಿಂತ ಹೆಚ್ಚು ನಾಶವಾಗುತ್ತವೆ. ಚಿಕಿತ್ಸೆ ಸಿಗದೆಯೂ ಕೆಲವು ನಾಯಿಗಳ ಜ್ವರ ಇಳಿದು, ಕಾಯಿಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೇ ಅಡಗಿ ಕೂರಬಹುದು. ಅದು ಎರಡನೆಯ ಹಂತ. ಕೆಲವು ನಾಯಿಗಳಲ್ಲಿ ಅದು ಮತ್ತೆ ತಲೆಯೆತ್ತಿ ಮೂಳೆಯೊಳಗಿನ ಮಜ್ಜೆಗೇ ಕೈಹಾಕುತ್ತದೆ. ರಕ್ತಕಣಗಳ ಕಾರ್ಖಾನೆ ಅದು. ಕಾರ್ಖಾನೆಯೇ ಮುಚ್ಚಿದ ಮೇಲೆ ಔಷಧವೂ ಅಸಹಾಯಕ. ಗುಂಡನದು ಮೊದಲನೆಯ ಹಂತವೋ ಮೂರನೆಯದೋ ಎಂಬುದಕ್ಕೆ ಆ ದಿನ ಉತ್ತರವಿರಲಿಲ್ಲ. ಔಷಧ ಬಿದ್ದ ಮೇಲೆ ಪ್ಲೇಟ್‌ಲೆಟ್ ಏರಿದರೆ ಕಾರ್ಖಾನೆ ನಡೆಯುತ್ತಿದೆ ಎಂದು ಅರ್ಥ. ಏರದಿದ್ದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಔಷಧ ಡಾಕ್ಸಿಸೈಕ್ಲಿನ್. ಪ್ರತಿದಿನ, ಬಿಡದೆ 28 ದಿನ. ಟೆಟ್ರಾಸೈಕ್ಲಿನ್ ಕುಟುಂಬಕ್ಕೆ ಸೇರಿದ ಔಷಧ ಇದು. ಈ ಕುಟುಂಬದ ಹಿರಿಯಣ್ಣ ಆರಿಯೋಮೈಸಿನ್. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದನ್ನು ಪಡೆದು 1948ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಜಮಿನ್ ಡಗ್ಗರ್. ಆಗ ಅಮೆರಿಕದ ಆ ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರಾಗಿದ್ದವರು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಪ್ಲೇಗಿನಿಂದ ಟೈಫಸ್‌ವರೆಗೆ ಎಷ್ಟೋ ಮನುಷ್ಯರನ್ನು ಉಳಿಸಿದ ಔಷಧಗಳ ವಂಶ ಇದು. ಜೀವಕೋಶದೊಳಗೆ ಅವಿತ ಬ್ಯಾಕ್ಟೀರಿಯವನ್ನೂ ಮುಟ್ಟಬಲ್ಲದು ಎಂಬುದೇ ಇದರ ಹೆಚ್ಚುಗಾರಿಕೆ.

ವಿಜ್ಞಾನ ಇಷ್ಟು ಮಾಡಿಕೊಟ್ಟ ಮೇಲೆ ಉಳಿದದ್ದು ಗುಳಿಗೆಯನ್ನು ಗುಂಡನ ಗಂಟಲಿಗೆ ಇಳಿಸುವ ಕೆಲಸ. ದೋಸೆಯ ತುಂಡಿನಲ್ಲಿ ಸುತ್ತಿ ಕೊಟ್ಟರೆ ದೋಸೆ ಒಳಗೆ ಹೋಗಿ ಗುಳಿಗೆ ಹೊರಗೆ ಬಂತು, ಅದೂ ತೊಳೆದಿಟ್ಟಷ್ಟು ಸ್ವಚ್ಛವಾಗಿ. ಹಾಲಿನಲ್ಲಿ ಕಲಸಿ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಬೇಡ. ಹಾಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ವಂಶದ ಔಷಧಗಳನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಬರಿಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಒಣಗಂಟಲಿನಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಉರಿ. ಕೊನೆಗೆ ಗೆದ್ದದ್ದು ಬಾಳೆಹಣ್ಣು. ಎರಡು ಅನ್ನದ ತುತ್ತು, ಆಮೇಲೆ ಹಣ್ಣಿನ ತುಂಡಿನೊಳಗೆ ಗುಳಿಗೆ, ಹಿಂದಿನಿಂದ ಒಂದಿಷ್ಟು ನೀರು. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ನನ್ನಾಕೆ ಒಂದೊಂದೇ ಅಡ್ಡಗೆರೆ ಎಳೆಯುತ್ತ ಹೋದಳು. ಬೆಂಗಳೂರಿನಲ್ಲಿರುವ ಮಗಳು ದಿನಾ ರಾತ್ರಿ ಮೊಬೈಲಿನಲ್ಲಿ ಗುಂಡನ ಮುಖ ತೋರಿಸಿ ಎನ್ನುವಳು. ಮೊದಲ ನಾಲ್ಕು ದಿನ ಅವಳ ಧ್ವನಿಗೆ ಕಿವಿ ಅಲ್ಲಾಡಿತೇ ಹೊರತು ತಲೆ ಏಳಲಿಲ್ಲ. ರಾತ್ರಿ ನಾವಿಬ್ಬರೂ ಸರದಿಯ ಮೇಲೆ ಜಗುಲಿಯಲ್ಲಿ ಮಲಗುತ್ತಿದ್ದೆವು. ಕತ್ತಲೆಯಲ್ಲಿ ಅದರ ಉಸಿರಾಟದ ಸದ್ದು ಕೇಳಿಸಿದರೆ ನಿದ್ದೆ ಬರುತ್ತಿರಲಿಲ್ಲ, ಕೇಳಿಸದಿದ್ದರೂ ಬರುತ್ತಿರಲಿಲ್ಲ.

ಈ ನಡುವೆ ಬೀದಿಯಲ್ಲಿ ಇನ್ನೊಂದು ಸುದ್ದಿ ಹಬ್ಬಿತು. "ಮೇಷ್ಟ್ರೇ, ನಿಮ್ಮ ನಾಯಿಗೆ ಮಂಗನ ಕಾಯಿಲೆಯಂತೆ ಹೌದಾ? ಮಕ್ಕಳು ಮರಿ ಇರೋ ಬೀದಿ, ತೋಟದ ಕಡೆ ಎಲ್ಲಾದರೂ ಕಟ್ಟಿಬಿಡಿ" ಎಂದು ನೆರೆಯವರೊಬ್ಬರು ತಗ್ಗಿದ ದನಿಯಲ್ಲಿ ಹೇಳಿದರು. ಅವರನ್ನು ಆಕ್ಷೇಪಿಸುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಆಮೇಲೆ ಜನರೂ ಸತ್ತ ನೆನಪು ನಮ್ಮ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ. ಇಂದಿಗೂ ಬೇಸಿಗೆ ಬಂದರೆ ಆ ಭಯ ಬರುತ್ತದೆ. ಆದರೆ ಎರಡೂ ಬೇರೆ. ಮಂಗನ ಕಾಯಿಲೆಯದು ವೈರಸ್. ಅದನ್ನು ಮುಖ್ಯವಾಗಿ ಹರಡುವುದು ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಕಾಡಿನ ಉಣುಗು. ಗುಂಡನ ಜ್ವರದ್ದು ಬ್ಯಾಕ್ಟೀರಿಯ. ತಂದದ್ದು ರೈಪಿಸೆಫಾಲಸ್ ಎಂಬ ಕಂದು ನಾಯಿ ಉಣುಗು. ಇದು ಮನೆ, ಕೊಟ್ಟಿಗೆಗಳ ಆಸುಪಾಸಿನಲ್ಲೇ ಬಾಳುವಂಥದ್ದು. ಗುಂಡನನ್ನು ಮುಟ್ಟಿದರೆ, ಅದು ಕೈ ನೆಕ್ಕಿದರೆ ಈ ಜ್ವರ ಬರುವುದಿಲ್ಲ. ಇಷ್ಟನ್ನು ಕಾಗದದ ಮೇಲೆ ಎರಡೂ ಉಣುಗುಗಳ ಚಿತ್ರ ಬರೆದು ವಿವರಿಸಿದೆ. ನೆರೆಯವರು ಪೂರ್ತಿ ಒಪ್ಪಿದರೋ ಇಲ್ಲವೋ, ಮರುದಿನ ಅವರ ಮನೆಯಿಂದ ಗುಂಡನಿಗೆಂದು ಒಂದು ಬಟ್ಟಲು ಗಂಜಿ ಬಂತು. ಒಂದು ಎಚ್ಚರಿಕೆ ಮಾತ್ರ ಇರಲಿ. ಕಾಡು ಸುತ್ತಿ ಬರುವ ನಾಯಿಯ ಮೈಯಲ್ಲಿ ಕಾಡಿನ ಉಣುಗೂ ಇರಬಹುದು. ಬರಿಗೈಯಿಂದ ಉಣುಗು ಕಿತ್ತು ಉಗುರಿನಲ್ಲಿ ಕುಟ್ಟುವ ಅಭ್ಯಾಸ ಯಾರಿಗೂ ಒಳ್ಳೆಯದಲ್ಲ.

ಎಂಟನೆಯ ದಿನ ಮತ್ತೆ ರಕ್ತ ಪರೀಕ್ಷೆ. ಪ್ಲೇಟ್‌ಲೆಟ್ 96,000. "ಕಾರ್ಖಾನೆ ನಡೀತಾ ಇದೆ ಮೇಷ್ಟ್ರೇ" ಎಂದರು ವೈದ್ಯರು. ನನ್ನಾಕೆ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದಳು. ಮನೆಗೆ ಬಂದ ಮೇಲೆ ಗುಂಡ ಕಾಂಪೌಂಡ್ ಮೇಲಿನ ಬೆಕ್ಕನ್ನು ನೋಡಿ ಒಂದೇ ಒಂದು ಸಲ ಬೊಗಳಿತು. ಇನ್ನೊಂದು ಬೊಗಳಿಗೆ ಶಕ್ತಿ ಸಾಲಲಿಲ್ಲವೆಂದು ಕಾಣುತ್ತದೆ. 28ನೆಯ ದಿನಕ್ಕೆ ಸಂಖ್ಯೆ 2,30,000ಕ್ಕೆ ಮುಟ್ಟಿತ್ತು.

ಹತ್ತು ದಿನದಲ್ಲೇ ನಾಯಿ ಚುರುಕಾಯಿತಲ್ಲ, ಗುಳಿಗೆ ನಿಲ್ಲಿಸೋಣ ಎಂದು ಎಷ್ಟೋ ಮನೆಗಳಲ್ಲಿ ನಿಲ್ಲಿಸುತ್ತಾರೆ. ಜ್ವರ ಇಳಿಯುವುದಕ್ಕೂ ಬ್ಯಾಕ್ಟೀರಿಯ ಅಳಿಯುವುದಕ್ಕೂ ನಡುವೆ ಬಹಳ ದಿನಗಳ ಅಂತರವಿದೆ. ನಾನು ಹೇಳಿದ ಎರಡನೆಯ ಹಂತ, ಕಾಯಿಲೆ ಸದ್ದಿಲ್ಲದೆ ಅಡಗುವ ಹಂತ, ಅರ್ಧಕ್ಕೆ ನಿಲ್ಲಿಸಿದ ಔಷಧಕ್ಕಾಗಿಯೇ ಕಾಯುತ್ತಿರುತ್ತದೆ. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೇನೆಯ ನಾಯಿಗಳಲ್ಲಿ ನೂರಕ್ಕೂ ಹೆಚ್ಚು ಈ ಕಾಯಿಲೆಯಿಂದ ಸತ್ತವು. ಮೂಗಿನಿಂದ ರಕ್ತ ಸುರಿಸಿ ಸತ್ತ ಅವುಗಳಲ್ಲಿ ಬಹಳಷ್ಟು ಜರ್ಮನ್ ಶೆಫರ್ಡ್ ತಳಿಯವು. ಆ ತಳಿಗೆ ಈ ಕಾಯಿಲೆ ಹೆಚ್ಚು ಕ್ರೂರ ಎಂಬುದು ಆಮೇಲೆ ತಿಳಿಯಿತು.

ಇನ್ನು ಉಳಿದದ್ದು ಉಣುಗಿನ ವಿಚಾರ. ನಾಯಿಯ ಮೈಮೇಲೆ ಕಾಣುವ ಉಣುಗು ಇಡೀ ಸಂತತಿಯ ಒಂದು ಚಿಕ್ಕ ಪಾಲು ಮಾತ್ರ. ಇದು ಕೀಟವಲ್ಲ, ಎಂಟು ಕಾಲಿನ ಜೇಡದ ದಾಯಾದಿ. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರೇ ಕಾಲು. ಮರಿ ಒಮ್ಮೆ ರಕ್ತ ಕುಡಿದು ನಾಯಿಯಿಂದ ಉದುರಿ, ಗೋಡೆಯ ಬಿರುಕಿನಲ್ಲಿ ಪೊರೆ ಕಳಚುತ್ತದೆ. ಮತ್ತೆ ನಾಯಿ ಹತ್ತುತ್ತದೆ, ಮತ್ತೆ ಉದುರುತ್ತದೆ. ಮೂರನೆಯ ಊಟ ಮುಗಿಸಿದ ಹೆಣ್ಣು ಬಿರುಕೊಂದನ್ನು ಸೇರಿ ನಾಲ್ಕು ಸಾವಿರದವರೆಗೂ ಮೊಟ್ಟೆ ಇಡಬಲ್ಲದು. ಎರ್ಲಿಕಿಯ ತಾಯಿ ಉಣುಗಿನಿಂದ ಮೊಟ್ಟೆಗೆ ದಾಟುವುದಿಲ್ಲ. ಕಾಯಿಲೆಯ ನಾಯಿಯ ರಕ್ತ ಕುಡಿದ ಮರಿ ಬೆಳೆದು ಮುಂದಿನ ಊಟಕ್ಕೆ ಕೂತಾಗ ರೋಗವನ್ನು ದಾಟಿಸುತ್ತದೆ. ಆದ್ದರಿಂದ ಒಂದು ಬೀದಿಯ ಒಂದು ನಾಯಿಗೆ ಪೂರ್ತಿ ಚಿಕಿತ್ಸೆಯಾದರೆ ಉಳಿದ ನಾಯಿಗಳಿಗೂ ಉಪಕಾರವೇ. ಉಣುಗಿನ ಮುಂಗಾಲಿನಲ್ಲಿ ವಾಸನೆ, ಶಾಖ ಮತ್ತು ಉಸಿರಿನ ಇಂಗಾಲದ ಡೈಆಕ್ಸೈಡನ್ನು ಗುರುತಿಸುವ ಅಂಗವಿದೆ. ತಿಂಗಳುಗಟ್ಟಲೆ ಉಪವಾಸವಿದ್ದು ಕಾಯುವ ತಾಳ್ಮೆಯೂ ಇದೆ. ಗೋಡೆ ಹತ್ತುವುದೆಂದರೆ ಅದಕ್ಕೆ ಬಲು ಇಷ್ಟ.

ನಮ್ಮ ಹಿತ್ತಿಲ ಸೌದೆ ಕೊಟ್ಟಿಗೆಯ ಹಳೆಯ ಮಣ್ಣುಗೋಡೆಯ ಬಿರುಕುಗಳಲ್ಲಿ ಅಕ್ಕಿಕಾಳಿನಂಥ ಉಣುಗುಗಳು ಸಾಲುಗಟ್ಟಿ ಕೂತಿದ್ದವು. ಸಿಮೆಂಟು ತುಂಬಿ, ಸುಣ್ಣ ಬಳಿದು, ಗುಂಡನ ಗೋಣಿಯನ್ನು ಕುದಿವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದ್ದಾಯಿತು. ಉಣುಗು ಹತ್ತದಂತೆ ನಾಯಿಗೆ ಕೊಡುವ ಔಷಧಗಳಿವೆ. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ತೂಕ ನೋಡಿ ಹೇಳಬೇಕು. ಒಮ್ಮೆ ಬಂದು ಹೋದ ಜ್ವರ ಮತ್ತೆ ಬಾರದೆಂಬ ಭರವಸೆಯಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ.

ಆದ್ದರಿಂದ ನಾಯಿ ಸಾಕಿದವರಿಗೆ ಸಂಜೆಯ ಐದು ನಿಮಿಷದ ಕೆಲಸವೊಂದಿದೆ. ಕಿವಿಯ ಒಳಮಡಿಕೆ, ಕುತ್ತಿಗೆಪಟ್ಟಿಯ ಕೆಳಗೆ, ಕಂಕುಳು, ಕಾಲ್ಬೆರಳ ಸಂದು, ಬಾಲದ ಬುಡ, ಇಷ್ಟನ್ನು ದಿನವೂ ಬೆರಳಾಡಿಸಿ ನೋಡಬೇಕು. ಉಣುಗು ಸಿಕ್ಕರೆ ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು ಬೇಡ. ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು, ತಿರುಚದೆ ನೆಟ್ಟಗೆ ಎಳೆದು ಸ್ಪಿರಿಟ್ಟಿನ ಸೀಸೆಗೆ ಹಾಕಬೇಕು. ಮರುದಿನಕ್ಕೆಂದು ಬಿಡಬಾರದು, ರೋಗ ದಾಟಲು ಕೆಲವೇ ಗಂಟೆ ಸಾಕು. ಹಾಗೆಯೇ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ತುಟಿ ಸರಿಸಿ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ಬೆರಳಿನಿಂದ ಒತ್ತಿಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಿದರಾಯಿತು.